ಲ್ಯಾಪ್‌ಟಾಪ್, ಟಿವಿ ಎರಡಕ್ಕೂ ಒಂದೇ ಡ್ಯಾಕ್: ಏನು ನೋಡಿ ಆರಿಸೋದು?

ಮಂದ್ರ_ತಂತಿ
ಹಳೆಯ ಸ್ಟೀರಿಯೋ ಆಂಪ್, ಎರಡು ಬುಕ್‌ಶೆಲ್ಫ್ ಸ್ಪೀಕರ್. ಆಂಪ್‌ನಲ್ಲಿ ಆರ್‌ಸಿಎ (ಕೆಂಪು ಬಿಳಿ ಪ್ಲಗ್) ಇನ್‌ಪುಟ್ ಮಾತ್ರ ಇದೆ, ಅದರ ಸೆನ್ಸಿಟಿವಿಟಿ, ಅಂದರೆ ಪೂರ್ತಿ ಸದ್ದಿಗೆ ಬೇಕಾದ ವೋಲ್ಟೇಜ್, 200 ಮಿಲಿವೋಲ್ಟ್. ಸದ್ಯ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದ ಕೊಟ್ಟಿದ್ದೇನೆ. ಚಾರ್ಜರ್ ಸಿಕ್ಕಿಸಿದ ಕೂಡಲೇ ಗುಂಯ್ ಅನ್ನುತ್ತೆ, ಮೌಸ್ ಆಡಿಸಿದರೆ ಕಿರಗುಟ್ಟುತ್ತೆ. ಟಿವಿಯ ಆಪ್ಟಿಕಲ್ ಔಟ್ ಕೂಡ ಇದೇ ಆಂಪ್‌ಗೆ ಸೇರಿಸಬೇಕು. ಅದಕ್ಕೇ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನು ಆಂಪ್‌ಗೆ ಬೇಕಾದ ಅನಲಾಗ್‌ಗೆ ಬದಲಿಸುವ ಡಬ್ಬಿ) ತಗೋಬೇಕು ಅಂತಿದ್ದೇನೆ. ಇಎಸ್‌ಎಸ್ ಕಂಪನಿಯ ಚಿಪ್ ಇರೋದು ತಗೊಳ್ಳಲೋ, ಎಕೆಎಂ ಕಂಪನಿಯದು ಇರೋದೋ, ಇಲ್ಲಾ ಆರ್‌ಟುಆರ್ (ರೆಸಿಸ್ಟರ್‌ಗಳ ಏಣಿಯಿಂದ ಕೆಲಸ ಮಾಡುವ) ಡ್ಯಾಕ್ ತಗೊಳ್ಳಲೋ?

ನೆಲತಂತಿ
ಚಿಪ್ ವಿಚಾರ ಆಮೇಲೆ ನೋಡೋಣ. ನೀವು ಹೇಳ್ತಿರೋ ಗುಂಯ್ ಸದ್ದು ಗ್ರೌಂಡ್ ದಾರಿಯಲ್ಲಿ ಬರ್ತಿದೆ. ಚಾರ್ಜರ್‌ನಿಂದ ಸೋರುವ ಕರೆಂಟ್ ಲ್ಯಾಪ್‌ಟಾಪ್ ಗ್ರೌಂಡ್ ಹಿಡಿದು ಆರ್‌ಸಿಎ ಕೇಬಲ್‌ನ ಹೊರಕವಚದಲ್ಲಿ ಆಂಪ್‌ಗೆ ಹರಿಯುತ್ತೆ. ಯುಎಸ್‌ಬಿ ಕೇಬಲ್‌ನಲ್ಲೂ ಗ್ರೌಂಡ್ ತಂತಿ ಇದೆಯಲ್ಲ, ಹಾಗಾಗಿ ಎಷ್ಟೇ ದುಬಾರಿ ಡ್ಯಾಕ್ ತಂದರೂ ಯುಎಸ್‌ಬಿಯಲ್ಲಿ ಜೋಡಿಸಿದರೆ ಅದೇ ಸದ್ದು ಮತ್ತೆ ಬರಬಹುದು.

ಮೊದಲು ಪರೀಕ್ಷೆ ಮಾಡಿ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಹಾಡು ಹಾಕಿ. ಸದ್ದು ಪೂರ್ತಿ ನಿಂತರೆ ಕಾರಣ ಅದೇ. ಟಿವಿಗೆ ಕೇಬಲ್ ಅಥವಾ ಡಿಶ್ ವೈರ್ ಇದ್ದರೆ ಅದನ್ನೂ ಒಮ್ಮೆ ಬಿಚ್ಚಿ ನೋಡಿ, ಹಮ್ ಅಲ್ಲಿಂದಲೂ ಬರುತ್ತೆ. ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಸದ್ದೇನೋ ನಿಲ್ಲುತ್ತೆ, ಆದರೆ ಒಳಗೆ ಶಾರ್ಟ್ ಆದ ದಿನ ಆಂಪ್‌ನ ಮೈ ಮುಟ್ಟಿದವರಿಗೆ ಶಾಕ್ ಹೊಡೆಯುತ್ತೆ.

ಸರಿಯಾದ ಪರಿಹಾರ ಆಪ್ಟಿಕಲ್. ಬೆಳಕಿನಲ್ಲಿ ಸಿಗ್ನಲ್ ಹೋಗೋದರಿಂದ ಗ್ರೌಂಡ್ ಸಂಪರ್ಕವೇ ಇರಲ್ಲ. ಯುಎಸ್‌ಬಿಯಿಂದ ಆಪ್ಟಿಕಲ್‌ಗೆ ಬದಲಿಸುವ ಸಣ್ಣ ಡಬ್ಬಿ ಸಿಗುತ್ತೆ, ಅದನ್ನು ಲ್ಯಾಪ್‌ಟಾಪ್‌ಗೆ ಹಾಕಿ. 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಆಪ್ಟಿಕಲ್‌ನಲ್ಲಿ ತೊಂದರೆ ಇಲ್ಲ. 192ಕ್ಕೆ ಕೆಲವು ಜೋಡಿಗಳಲ್ಲಿ ಸದ್ದು ತುಂಡು ತುಂಡಾಗುತ್ತೆ. ಯುಎಸ್‌ಬಿಯ ಗ್ರೌಂಡ್ ಸಂಪರ್ಕ ಕಡಿಯುವ ಐಸೋಲೇಟರ್ ತಗೊಳ್ಳೋದಾದರೆ ವೇಗ ನೋಡಿ: ಅಗ್ಗದವು 12 ಎಂಬಿಪಿಎಸ್‌ಗೆ ಸೀಮಿತ, ಕೆಲವು ಡ್ಯಾಕ್‌ಗಳು ಆ ವೇಗದಲ್ಲಿ ಕೆಲಸವನ್ನೇ ಮಾಡಲ್ಲ.

ಅಂದರೆ ನಿಮ್ಮ ಡ್ಯಾಕ್‌ಗೆ ಎರಡು ಆಪ್ಟಿಕಲ್ ಇನ್‌ಪುಟ್ ಬೇಕು. ಇದನ್ನೇ ಮೊದಲ ಷರತ್ತು ಮಾಡಿಕೊಳ್ಳಿ.

ಆರ್‌ಸಿಎ_ಕೆಂಪುಬಿಳಿ
ಟಿವಿ ಬಗ್ಗೆ ಎರಡು ಮಾತು. ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್ "ಪಿಸಿಎಂ" (ಸಂಕುಚಿಸದ ಸಾದಾ ಡಿಜಿಟಲ್ ಸದ್ದು) ಅಂತ ಇರಬೇಕು. "ಆಟೋ" ಅಥವಾ "ಬಿಟ್‌ಸ್ಟ್ರೀಮ್"ನಲ್ಲಿ ಬಿಟ್ಟರೆ ಡಾಲ್ಬಿ ಇರೋ ಸಿನಿಮಾ ಬಂದಾಗ ಸ್ಟೀರಿಯೋ ಡ್ಯಾಕ್‌ನಿಂದ ಸದ್ದೇ ಬರಲ್ಲ, ಇಲ್ಲವೇ ಬುಸ್ ಅನ್ನುತ್ತೆ. ಇನ್ನೊಂದು, ಆಪ್ಟಿಕಲ್‌ನಲ್ಲಿ ಸಾಮಾನ್ಯವಾಗಿ ಟಿವಿ ರಿಮೋಟ್‌ನಿಂದ ವಾಲ್ಯೂಮ್ ಬದಲಾಗಲ್ಲ. ಅದು ಬೇಕೇ ಬೇಕು ಅಂದರೆ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಹೊರಗೆ ಕಳಿಸುವ ಸೌಲಭ್ಯ) ಇರೋ ಡ್ಯಾಕ್ ನೋಡಿ, ಆದರೆ ಎಚ್‌ಡಿಎಂಐ ತಾಮ್ರದ ತಂತಿ, ಗ್ರೌಂಡ್ ಸಂಪರ್ಕ ಮತ್ತೆ ಬರುತ್ತೆ. ನಿಮ್ಮ ಪರಿಸ್ಥಿತಿಯಲ್ಲಿ ಸ್ವಂತ ರಿಮೋಟ್ ಇರೋ ಡ್ಯಾಕ್ ಒಳ್ಳೇದು.

ಆಪ್ಟಿಕಲ್ ಪ್ಲಗ್‌ನ ತುದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಟೊಪ್ಪಿ ಇರುತ್ತೆ, ಕಣ್ಣಿಗೆ ಕಾಣೋದೇ ಕಷ್ಟ. ಅದನ್ನು ತೆಗೆದು, "ಟಕ್" ಅನ್ನೋವರೆಗೆ ಒತ್ತಿ. ಕೇಬಲ್ ಚೂಪಾಗಿ ಮಡಿಚಬೇಡಿ.

ಮಂದ್ರ_ತಂತಿ
ಚಾರ್ಜರ್ ಕಿತ್ತ ತಕ್ಷಣ ಗುಂಯ್ ನಿಂತಿತು, ಧನ್ಯವಾದ. ಹಾಗಾದರೆ ಚಿಪ್? ಮತ್ತೆ ಆ 200 ಮಿಲಿವೋಲ್ಟ್‌ಗೆ ಡ್ಯಾಕ್ ಹೊಂದುತ್ತಾ?

ನೆಲತಂತಿ
ಹೊಂದುತ್ತೆ, ಆದರೆ ಒಂದು ತಾಪತ್ರಯ ಇದೆ. ಡ್ಯಾಕ್‌ಗಳ ಆರ್‌ಸಿಎ ಔಟ್ ಸಾಮಾನ್ಯವಾಗಿ 2 ವೋಲ್ಟ್, ನಿಮ್ಮ ಆಂಪ್‌ಗೆ ಬೇಕಾದ್ದಕ್ಕಿಂತ ಹತ್ತು ಪಟ್ಟು, ಅಂದರೆ 20 ಡೆಸಿಬೆಲ್ ಜಾಸ್ತಿ. ನಾಬ್ ಸ್ವಲ್ಪ ತಿರುಗಿಸಿದರೂ ಮನೆ ನಡುಗುತ್ತೆ. ನಾಬ್‌ನ ಆ ಮೊದಲ ಭಾಗದಲ್ಲಿ ಎಡ ಬಲ ಚಾನೆಲ್ ಸಮ ಇರಲ್ಲ, ಹಾಡುವವರ ದನಿ ನಡುವಿನಿಂದ ಒಂದು ಪಕ್ಕಕ್ಕೆ ಸರಿದ ಹಾಗೆ ಕೇಳುತ್ತೆ. ಅದಕ್ಕೇ ಡಿಜಿಟಲ್ ವಾಲ್ಯೂಮ್ ಇರೋ ಡ್ಯಾಕ್ ತಗೊಂಡು ಅದರಲ್ಲಿ 12 ಡೆಸಿಬೆಲ್ ಇಳಿಸಿಡಿ. ಹೋಗೋದು ಎರಡು ಬಿಟ್ ಅಷ್ಟೇ; 24ರಲ್ಲಿ 22 ಉಳಿಯುತ್ತೆ, ಸಿಡಿಯಲ್ಲಿ ಇರೋದೇ 16. ಡಿಜಿಟಲ್ ವಾಲ್ಯೂಮ್ ಇಲ್ಲದಿದ್ದರೆ 10 ಡೆಸಿಬೆಲ್ ಇಳಿಸುವ ಆರ್‌ಸಿಎ ಅಟೆನ್ಯುಯೇಟರ್ ಜೋಡಿಯನ್ನು ಆಂಪ್ ಕಡೆಯ ತುದಿಗೆ ಹಾಕಿ.

ಚಿಪ್ ಬಗ್ಗೆ: ಒಂದೇ ಚಿಪ್ ಹಾಕಿದ ಎರಡು ಡ್ಯಾಕ್‌ಗಳ ಅಳತೆ ಬೇರೆ ಬೇರೆ ಬರೋದು ಪವರ್ ಸಪ್ಲೈ, ಔಟ್‌ಪುಟ್ ಹಂತದಿಂದ. ಅಳತೆಯಲ್ಲಿ ಸಿನಾಡ್ (ಗದ್ದಲ, ವಿರೂಪಗಳಿಗಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋ ಅಂಕಿ) 100 ಡೆಸಿಬೆಲ್ ದಾಟಿದ್ದರೆ ಸಾಕು, ಅಲ್ಲಿಂದ ಮುಂದೆ ಹೆಸರಿಗೆ ದುಡ್ಡು ಕೊಡಬೇಡಿ.

ಏಣಿ_ರೆಸಿಸ್ಟರ್
ಆರ್‌ಟುಆರ್ ಬಗ್ಗೆ ಸೇರಿಸ್ತೀನಿ. 16 ಬಿಟ್ ಏಣಿಯಲ್ಲಿ ಮೇಲಿನ ಬಿಟ್‌ನ ತೂಕ ಕೊನೆಯ ಬಿಟ್‌ನ 32768 ಪಟ್ಟು. ತಪ್ಪು ಕೊನೆಯ ಬಿಟ್‌ನ ಅರ್ಧ ದಾಟಬಾರದು ಅಂದರೆ ಆ ರೆಸಿಸ್ಟರ್ ಶೇ. 0.0015ರೊಳಗೆ ಹೊಂದಬೇಕು. ಶೇ. 0.01ರ ರೆಸಿಸ್ಟರ್ ಹಾಕಿದರೂ ಕೊನೆಯ ಬಿಟ್‌ನ ಮೂರು ಪಟ್ಟು ತಪ್ಪಬಹುದು, ಅದೂ ಸಣ್ಣ ಸದ್ದಿನಲ್ಲೇ ಎದ್ದು ಕಾಣುತ್ತೆ. ಇದನ್ನು ಸರಿಯಾಗಿ ತಿದ್ದಿ ಕಟ್ಟಿದವು ಇವೆ, ಬೆಲೆ ಜಾಸ್ತಿ. ನಿಮ್ಮ ಆಂಪ್, ಸ್ಪೀಕರ್‌ಗೆ ಡೆಲ್ಟಾ ಸಿಗ್ಮಾ (ಇಎಸ್‌ಎಸ್, ಎಕೆಎಂ ಚಿಪ್‌ಗಳ ವಿಧಾನ) ಸಾಕು. ಉಳಿದ ದುಡ್ಡಲ್ಲಿ ಸ್ಪೀಕರ್‌ಗೆ ಗಟ್ಟಿ ಸ್ಟ್ಯಾಂಡ್ ತಗೊಳ್ಳಿ, ಟ್ವೀಟರ್ ಕೂತಾಗ ಕಿವಿಯ ಮಟ್ಟಕ್ಕೆ ಬರೋ ಹಾಗೆ.