ಸಹಾಯ ಬೇಕು: ಬೇಸಿಗೆ ನಾಟಕಕ್ಕೆ ವೃತ್ತಿ ಕಲಾವಿದರು

ಎಲ್ರಿಗೂ ನಮಸ್ಕಾರ. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆ, ಹರಿಹರ, ಚಿತ್ರದುರ್ಗದಾಗೆ ಎರಡು ಕಂಪನಿ ಶೈಲಿ ನಾಟಕ ಆಡ್ಬೇಕು ಅಂತ ಮಾಡೀವಿ, ಕಲಾವಿದರು ಸಿಗ್ತಿಲ್ಲ. ಹವ್ಯಾಸಿ ಹುಡುಗ್ರು ಅದಾರೆ, ಚೆನ್ನಾಗೇ ಮಾಡ್ತಾರೆ, ಆದ್ರೆ ದಿನಾ ಎರಡು ಶೋ ಅಂದ್ರೆ ಗಂಟಲು ಪಳಗಿರ್ಬೇಕು, ಮೈಕ್ ಕೈಕೊಟ್ರೂ ಹಿಂದಿನ ಸಾಲಿನ ಅಜ್ಜಿಗೆ ಮಾತು ಕೇಳ್ಬೇಕು, ಅದು ಊರೂರಲ್ಲಿ ಟೆಂಟ್ ಹಾಕೋ ನಾಟಕ ಕಂಪನಿ ಕ್ಯಾಂಪಲ್ಲೇ ಬೆಳೆದೋರಿಗೆ ಬರೋದು.

ರಂಗಗೀತೆ ತಾವೇ ಹಾಡೋ ನಾಯಕಿ ಒಬ್ರು, ಹಾಸ್ಯ ಪಾತ್ರಕ್ಕೆ ಒಬ್ರು, ಲೆಗ್ ಹಾರ್ಮೋನಿಯಂ (ಕಾಲಲ್ಲಿ ತುಳಿದು ಗಾಳಿ ತುಂಬೋದು) ನುಡಿಸೋ ಮಾಸ್ತರು ಒಬ್ರು ತುರ್ತಾಗಿ ಬೇಕು. ಹಾಸ್ಯ ಅಂದ್ರೆ ಡಬಲ್ ಮೀನಿಂಗ್ ಬೇಡವೇ ಬೇಡ, ಮನೆಮಂದಿ ಎಲ್ಲಾ ಕೂತು ನೋಡ್ಬೇಕು. ದಾವಣಗೆರೆ ಅಂದ್ರೆ ರಂಗನಟಿ ಚಿಂದೋಡಿ ಲೀಲಾ ಅವ್ರ ಊರು, ಜನ ನೋಡೇ ನೋಡ್ತಾರೆ ಅನ್ನೋ ನಂಬಿಕೆ ನಮಗೈತಿ.

ಜಾತ್ರೆ ಸೀಸನ್ ಆಗಿರೋದ್ರಿಂದ ಒಳ್ಳೇರೆಲ್ಲ ಮೊದ್ಲೇ ಬುಕ್ ಆಗಿರ್ತಾರೆ. ಸಾಣೇಹಳ್ಳಿ ಶಿವಸಂಚಾರ, ನೀನಾಸಂ ತಿರುಗಾಟದಂಥ ಊರೂರು ಸುತ್ತಿ ನಾಟಕ ಆಡೋ ತಂಡಗಳ ಪ್ರವಾಸ ಮುಗಿಸಿ ಈಗ ಬಿಡುವಾಗಿರೋರು ಯಾರಾದ್ರೂ ಗೊತ್ತಿದ್ರೆ ಹೇಳ್ರಿ, ನಾವೇ ಹೋಗಿ ಮಾತಾಡ್ತೀವಿ. ಊಟ, ರೂಮು, ಬಸ್ ಚಾರ್ಜು ನಮ್ದು, ತಾಲೀಮಿನ ದಿನಗಳಿಗೂ ದುಡ್ಡು ಕೊಡ್ತೀವಿ, ಪುಕ್ಕಟೆ ದುಡಿಸ್ಕೊಳ್ಳಲ್ಲ. ಇನ್ನೊಂದು, ಈಗ ಸಂಭಾವನೆ ಶೋ ಲೆಕ್ಕಕ್ಕೋ ತಿಂಗಳ ಲೆಕ್ಕಕ್ಕೋ, ಅಡ್ವಾನ್ಸ್ ಎಷ್ಟು ಕೊಡೋದು ವಾಡಿಕೆ? ಕಂಪನಿ ನಡೆಸಿದ ಹಿರಿಯರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸ್ರಿ.