ಅಪ್‌ಡೇಟ್: ಯೋಧರ ಸ್ಮಾರಕದ ಕಂದು ಕಲೆ

ಉಡುಪಿ ಕಡೆ, ಕಡಲಿಗೆ ಹತ್ತಿರದ ಮಾಜಿ ಸೈನಿಕರ ಸ್ಮಾರಕದ ಕಪ್ಪು ಗ್ರಾನೈಟ್ ಮೇಲೆ ಕಂದು ಗೆರೆ ಇಳಿಯುವುದೇಕೆ, ಹೆಸರುಗಳ ಬಣ್ಣ ನಿಲ್ಲದ್ದೇಕೆ ಎಂದು ಕೇಳಿದ್ದೆ.

ದೋಷ ಕಲ್ಲಿನದ್ದಲ್ಲ. ಫಲಕವನ್ನು ಹಿಂಬದಿಯಿಂದ ಹಿಡಿದಿದ್ದ ಕಬ್ಬಿಣದ ಕ್ಲಾಂಪ್‌ಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಉಬ್ಬಿದ್ದವು; ಕಂದು ಗೆರೆ ಆ ತುಕ್ಕಿನದ್ದೇ. ಫಲಕದ ಮೂಲೆ ಬಿರಿದದ್ದೂ ಅದರಿಂದಲೇ. ಈಗ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪಿನ್‌ಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಲಾಗಿದೆ. 304 ದರ್ಜೆಯದ್ದು ಅಗ್ಗ, ಆದರೆ ಕರಾವಳಿಗೆ ಸಾಲದು. ಸಂದುಗಳಿಗೆ ನ್ಯೂಟ್ರಲ್ (ಆಮ್ಲ ಬಿಡದ) ಸಿಲಿಕೋನ್; ವಿನೆಗರ್ ವಾಸನೆಯದ್ದು ಸಿಮೆಂಟನ್ನು ತಿನ್ನುತ್ತದೆ. ಅಕ್ಷರಗಳನ್ನು 3 ಮಿ.ಮೀ. ಆಳಕ್ಕೆ ಮತ್ತೆ ಕೊರೆದು, ಕಲ್ಲು ಪೂರ್ತಿ ಒಣಗಿದ ಮೇಲೆ ಎನಾಮೆಲ್ ತುಂಬಿಸಿದ್ದಾರೆ. ಆಸಿಡ್ ತೊಳೆತ ಬಂದ್.

ಇನ್ನು ಮೆಟ್ಟಿಲು. ಕಾರ್ಗಿಲ್ ವಿಜಯ ದಿವಸ ಬರುವುದೇ ಜುಲೈ 26ಕ್ಕೆ, ತುಳುನಾಡಿನ ಆಟಿ ತಿಂಗಳ ಮಳೆಯಲ್ಲಿ! ಅಲ್ಲಿ ಜಾರುವ ಪಾಲಿಶ್ ಕಲ್ಲು ಹಾಕಿದ್ದು ಯಾರ ಯೋಚನೆಯೋ. ಅದನ್ನು ತೆಗೆದು ಫ್ಲೇಮ್ ಫಿನಿಶ್ (ಬೆಂಕಿ ಹಾಯಿಸಿ ಮೈ ಒರಟು ಮಾಡಿದ) ಕಲ್ಲು ಹಾಕಿ, ನೀರು ನಿಲ್ಲದಂತೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಕೊಡಿಸಿದ್ದಾಯಿತು. ಕೈಪಿಡಿಕಂಬಿ ಮಾತ್ರ ಬಾಕಿ.