650 ಕೆ.ಜಿ. ಕ್ಯಾಂಪರ್ ಟ್ರೇಲರ್, 750 ಕೆ.ಜಿ. ಮಿತಿಯ ಗಾಡಿ: ಘಟ್ಟ ಇಳಿಯಬಹುದಾ?

ಮೂಡಿಗೆರೆ ರಸ್ತೆ:
ಎಲ್ಲರಿಗೂ ನಮಸ್ಕಾರ. ನಮ್ಮ ಡೀಸೆಲ್ ಎಸ್‌ಯುವಿ ಮ್ಯಾನ್ಯುವಲ್‌ನಲ್ಲಿ ಬ್ರೇಕ್ ಇಲ್ಲದ ಟ್ರೇಲರ್‌ಗೆ 750 ಕೆ.ಜಿ., ಬ್ರೇಕ್ ಇದ್ದರೆ 1,500 ಕೆ.ಜಿ. ಅಂತಿದೆ. ನೋಡಿರೋ ಟ್ರೇಲರ್ ಖಾಲಿ ತೂಕ 650, ಒಂದೇ ಆಕ್ಸಲ್, ಬ್ರೇಕ್ ಇಲ್ಲ. ಚಿಕ್ಕಮಗಳೂರಿಂದ ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ಕರಾವಳಿಗೆ ಹೋಗ್ಬೇಕು, ನಾಲ್ಕು ಜನ. ನೂರು ಕೆ.ಜಿ. ಅಂತರ ಸಾಕಲ್ವಾ?

ಹಾಸನದ ಗಾಲಿ:
ಸಾಕಾಗಲ್ಲ ಸರ್. ಮಿತಿ ಇರೋದು ತುಂಬಿದ ತೂಕಕ್ಕೆ. ನೀರಿನ ಟ್ಯಾಂಕ್ 80 ಲೀಟರ್ ಅಂದ್ರೆ 80 ಕೆ.ಜಿ. ಮನೆ ಸಿಲಿಂಡರ್‌ನಲ್ಲಿ ಗ್ಯಾಸೇ 14.2, ಕಬ್ಬಿಣ ಸೇರಿ ಸುಮಾರು 30. 100 ಎಎಚ್ ಲೆಡ್ ಆಸಿಡ್ ಬ್ಯಾಟರಿ ಇನ್ನೊಂದು 30. ಟೆಂಟು, ಹಾಸಿಗೆ, ಪಾತ್ರೆ, ದಿನಸಿ, ಸ್ಟೆಪ್ನಿಗೆ 100 ಇಡಿ. 890 ಆಯ್ತು.

ಟ್ರೇಲರ್ ಟೈರ್ ಮೇಲಿರೋ ಲೋಡ್ ಇಂಡೆಕ್ಸ್ ಕೂಡ ಓದಿ: 85 ಅಂದ್ರೆ ಒಂದು ಟೈರಿಗೆ 515 ಕೆ.ಜಿ. ಟ್ರೇಲರ್‌ಗೆ ಪ್ರತ್ಯೇಕ ಆರ್‌ಸಿ ಇದೆಯಾ ಅಂತ ಮೊದಲೇ ಕೇಳಿ.

ಬೇಲೂರು ಕ್ರಾಸ್:
ಅಂದಾಜು ಬಿಟ್ಟು ವೇಬ್ರಿಡ್ಜ್‌ಗೆ ಹೋಗಿ. ಡೀಸೆಲ್ ಫುಲ್, ನಾಲ್ಕೂ ಜನ ಒಳಗೆ. ಮೊದಲು ಗಾಡಿ ಮಾತ್ರ ತೂಗಿ. ಆಮೇಲೆ ಟ್ರೇಲರ್ ಕಟ್ಟಿ, ಗಾಡಿಯ ಚಕ್ರಗಳಷ್ಟೇ ಮೇಲೆ ಬರೋ ಹಾಗೆ ನಿಲ್ಲಿಸಿ. ಕೊನೆಗೆ ಎರಡನ್ನೂ ಪೂರ್ತಿ ಹತ್ತಿಸಿ. ಮೂರನೇದರಲ್ಲಿ ಮೊದಲನೇದು ಕಳೆದ್ರೆ ಟ್ರೇಲರ್ ತೂಕ. ಎರಡನೇ ತೂಕ ಗಾಡಿಯ ಒಟ್ಟು ಮಿತಿ ದಾಟಬಾರದು. ಜನ, ಲಗೇಜ್ ಜೊತೆಗೆ ಹಿಚ್ (ಟ್ರೇಲರ್ ಕಟ್ಟೋಕೆ ಗಾಡಿಯ ಹಿಂದಿರೋ ಕೊಂಡಿ) ಮೇಲಿನ ಭಾರವೂ ಅದರೊಳಗೇ ಬರುತ್ತೆ. ಇದನ್ನ ತುಂಬ ಜನ ಮರೀತಾರೆ.

ಮೂಡಿಗೆರೆ ರಸ್ತೆ:
ಹಿಚ್ ಮೇಲೆ ಎಷ್ಟು ಭಾರ ಇರ್ಬೇಕು? ವೇಬ್ರಿಡ್ಜ್‌ನಲ್ಲಿ ಸರಿಯಾಗಿ ಸಿಗುತ್ತಾ?

ಬೇಲೂರು ಕ್ರಾಸ್:
ಅದು 5, 10 ಕೆ.ಜಿ. ಲೆಕ್ಕದಲ್ಲಿ ತೋರಿಸೋದ್ರಿಂದ ಇದಕ್ಕೆ ಅಷ್ಟು ನಂಬಬೇಡಿ. ಕಾಫಿ ಮೂಟೆ ತೂಗೋ ಪ್ಲಾಟ್‌ಫಾರ್ಮ್ ತಕ್ಕಡಿ ಸಾಕು. ಸಮತಟ್ಟು ಜಾಗದಲ್ಲಿ ಟ್ರೇಲರ್ ಚಕ್ರಕ್ಕೆ ಮುಂದೆ ಹಿಂದೆ ಅಡ್ಡ ಕೊಟ್ಟು, ತಕ್ಕಡಿ ಮೇಲೆ ಮರದ ತುಂಡು ನಿಲ್ಲಿಸಿ, ಗಾಡಿಯ ಹಿಚ್ ಬಾಲ್ ಎಷ್ಟು ಎತ್ತರವೋ ಅಷ್ಟಕ್ಕೇ ಕಪ್ಲರ್ (ಆ ಬಾಲ್ ಮೇಲೆ ಕೂರೋ ಟ್ರೇಲರ್ ಮೂತಿ) ಕೂರಿಸಿ ಓದಿ. ತುಂಬಿದ ತೂಕದ ಶೇ. 7ರಿಂದ 10 ಬರಲಿ. 890ಕ್ಕೆ 62ರಿಂದ 89. ಟೋ ಬಾರ್ (ಹಿಚ್ ಬಾಲ್ ಹೊತ್ತಿರೋ ಕಬ್ಬಿಣದ ಪಟ್ಟಿ) ಪ್ಲೇಟ್ ಮೇಲೆ ಬರೆದಿರೋ ಮಿತಿ ಅದಕ್ಕಿಂತ ಕಡಿಮೆ ಇದ್ರೆ ಅದೇ ಅಂತಿಮ.

ಕಡಿಮೆ ಆದ್ರೆ ಸ್ಪೀಡ್‌ನಲ್ಲಿ ಟ್ರೇಲರ್ ಬಾಲ ಆಡಿಸುತ್ತೆ. ಜಾಸ್ತಿ ಆದ್ರೆ ಗಾಡಿ ಹಿಂದೆ ಕೂತು, ಮುಂದಿನ ಚಕ್ರ ಹಗುರಾಗಿ, ಸ್ಟೀರಿಂಗ್ ಹಿಡಿತ ಹೋಗುತ್ತೆ. ನೀರು, ಬ್ಯಾಟರಿ ಆಕ್ಸಲ್ ಮೇಲೆ ಅಥವಾ ಸ್ವಲ್ಪ ಮುಂದೆ, ಕೆಳಗೇ ಇರಲಿ. ಹಿಂಬದಿ ಬಾಗಿಲ ಹತ್ತಿರ ಭಾರದ ಸಾಮಾನು ಬೇಡ.

ಹಾಸನದ ಗಾಲಿ:
ಒಂದು ಮಾತು ಒತ್ತಿ ಹೇಳ್ತೀನಿ. ಏರು ಹತ್ತೋಕೆ ಇಂಜಿನ್ ಸಾಕಾಗುತ್ತೆ, ಅದನ್ನ ನೋಡಿ ಧೈರ್ಯ ತಗೋಬೇಡಿ. ಚಾರ್ಮಾಡಿ ಇಳಿಯುವಾಗ ಬ್ರೇಕಿಲ್ಲದ 890 ಕೆ.ಜಿ. ಹಿಂದಿಂದ ದಬ್ಬುತ್ತೆ. ಎಲ್ಲ ಬಿಸಿ ಗಾಡಿಯ ಬ್ರೇಕಿಗೇ ಬಿದ್ದು, ಫ್ಲೂಯಿಡ್ ಕುದ್ದು ಪೆಡಲ್ ಮೆತ್ತಗಾಗುತ್ತೆ. ಒದ್ದೆ ತಿರುವಲ್ಲಿ ಗಾಡಿಯ ಹಿಂಭಾಗವನ್ನೇ ಪಕ್ಕಕ್ಕೆ ತಳ್ಳಬಹುದು.

ಬ್ರೇಕ್ ಇರೋ ಆಕ್ಸಲ್ಲೇ ತಗೊಳ್ಳಿ. ಓವರ್‌ರನ್ ಬ್ರೇಕ್ (ಟ್ರೇಲರ್ ಮುಂದಕ್ಕೆ ದಬ್ಬೋ ಬಲದಿಂದಲೇ ಹಿಡಿಯೋ ಬ್ರೇಕ್) ಆದ್ರೆ, ಉದ್ದ ಇಳಿಜಾರಲ್ಲಿ ಅದು ಸುಮ್ಮನೆ ಉಜ್ಜುತ್ತಲೇ ಇರುತ್ತೆ. ಘಟ್ಟ ಶುರುವಾಗೋ ಮೊದಲೇ ಎರಡನೇ ಗೇರ್‌ಗೆ ಬನ್ನಿ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯದೆ ಗಟ್ಟಿಯಾಗಿ ಒತ್ತಿ ಬಿಡಿ. ಸೇಫ್ಟಿ ಚೈನ್ ಎರಡನ್ನೂ ಕಪ್ಲರ್ ಕೆಳಗೆ ಅಡ್ಡಡ್ಡ ಹಾಕಿ, ಕಪ್ಲರ್ ಕಳಚಿದ್ರೂ ಮೂತಿ ರಸ್ತೆಗೆ ಬಡಿಯದೆ ಚೈನ್ ಮೇಲೆ ಕೂರುತ್ತೆ. ಟ್ರೇಲರ್ ಕಳಚಿದ್ರೆ ಅದರ ಬ್ರೇಕ್ ಎಳೆಯೋ ಬ್ರೇಕ್‌ಅವೇ ಕೇಬಲ್‌ನ ಚೈನ್‌ಗೆ ಸಿಕ್ಕಿಸದೆ ಬೇರೆಯಾಗಿ ಗಾಡಿಗೇ ಕಟ್ಟಿ.

ಮೂಡಿಗೆರೆ ರಸ್ತೆ:
ಹಾಗಾದ್ರೆ ಈ ಟ್ರೇಲರ್ ಬೇಡ. ಬ್ರೇಕ್ ಆಕ್ಸಲ್ ಇರೋದೇ ಹುಡುಕ್ತೀನಿ, ನೀರು ಘಟ್ಟ ಇಳಿದ ಮೇಲೆ ಉಜಿರೆಯಲ್ಲಿ ತುಂಬಿಸ್ಕೋತೀನಿ.

ಬೇಲೂರು ಕ್ರಾಸ್:
ಒಳ್ಳೇದು. ಆದ್ರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊರಡಿ, ಅರ್ಧ ನೀರಿದ್ರೆ ತಿರುವಲ್ಲಿ ತುಳುಕಾಡುತ್ತೆ. ಖಾಲಿ ಟ್ಯಾಂಕ್‌ನಲ್ಲಿ ಹಿಚ್ ಭಾರ ಬದಲಾಗಿರುತ್ತೆ, ಹಾಗಾಗಿ ತಕ್ಕಡಿ ಮೇಲೆ ಎರಡೂ ಸಲ ಓದಿ ಬರೆದಿಟ್ಟುಕೊಳ್ಳಿ.